ಹೊರಡುವ ಮೊದಲೇ ಪ್ರಕಟವಾದ ವಿದಾಯ

ನನಗೆ ಇಂಟರ್ನ್‌ಶಿಪ್ ಸಿಕ್ಕಿದ್ದು ಬ್ಯಾಡಗಿಯ ಹತ್ತಿರ, ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಒಂದು ಕಾರ್ಖಾನೆಯಲ್ಲಿ. ಆಹಾರ ತಂತ್ರಜ್ಞಾನದ ಮೂರನೆಯ ವರ್ಷ ಆಗಷ್ಟೇ ಮುಗಿದಿತ್ತು. ಬೇಸಿಗೆಯ ಎರಡು ತಿಂಗಳು ಅಲ್ಲಿಯೇ ಇದ್ದು, ಅವರ ಲ್ಯಾಬಿನಲ್ಲಿ ಕೆಲಸ ಕಲಿಯಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಪತ್ರ ಬಂದ ದಿನವೇ ಆ ಕೆಲಸದ ಬಗ್ಗೆ ಒಂದಿಷ್ಟು ಓದಿಕೊಳ್ಳುತ್ತಿದ್ದರು. ನಾನು ಬ್ಲಾಗ್ ಶುರು ಮಾಡಿದೆ.

ಅದಕ್ಕೆ ಹೆಸರು ಹುಡುಕುವುದರಲ್ಲೇ ಒಂದು ವಾರ ಕಳೆಯಿತು. ಕೊನೆಗೆ 'ಗಡಿ ದಾಟಿದವಳು' ಎಂದಿಟ್ಟೆ. ಈ ಗಡಿ ದಾಟಿದವಳು ಅಲ್ಲಿಯವರೆಗೆ ಒಬ್ಬಳೇ ಹೋಗಿದ್ದ ಅತಿ ದೂರದ ಜಾಗವೆಂದರೆ ಹುಣಸಮಾರನಹಳ್ಳಿ. ಅಲ್ಲಿ ನನ್ನ ಖಾಲಾ, ಎಂದರೆ ಅಮ್ಮಿಯ ತಂಗಿ, ಇದ್ದಾಳೆ. ನಮ್ಮ ಟಿ. ದಾಸರಹಳ್ಳಿಯಲ್ಲಿ ಬಸ್ ಹತ್ತಿಸಲು ಅಬ್ಬಾ ಬರುತ್ತಿದ್ದರು, ಅಲ್ಲಿ ಇಳಿಸಿಕೊಳ್ಳಲು ಖಾಲಾ ಕಾದಿರುತ್ತಿದ್ದಳು. ಆದರೂ 'ನನ್ನ ಬಗ್ಗೆ' ಎಂಬ ಪುಟದಲ್ಲಿ 'ದಾರಿಯೇ ನನ್ನ ಮನೆ' ಎಂದು ಯಾವ ಸಂಕೋಚವೂ ಇಲ್ಲದೆ ಬರೆದುಕೊಂಡೆ.

ಮನೆಯಲ್ಲಿ ನಾವು ಆಡುವುದು ದಖ್ನಿ ಉರ್ದು. ಕನ್ನಡ ನನಗೆ ಬಂದದ್ದು ಶಾಲೆಯಿಂದ, ಅದರಲ್ಲೂ ಪ್ರಬಂಧ ಸ್ಪರ್ಧೆಗಳಿಂದ. 'ಹೃದಯ ಭಾರವಾಯಿತು' ಎಂಬ ಮಾತಿಲ್ಲದೆ ನನ್ನ ಒಂದು ಪುಟವೂ ತುಂಬುತ್ತಿರಲಿಲ್ಲ. ಮೊದಲ ಬರಹ ಯಶವಂತಪುರ ನಿಲ್ದಾಣದ ವಿದಾಯದ ದೃಶ್ಯವೇ ಆಗಬೇಕೆಂದು ತೀರ್ಮಾನಿಸಿದ್ದೆ. ರೈಲು ಇದ್ದದ್ದು ಭಾನುವಾರ ಬೆಳಿಗ್ಗೆ. ಆ ದಿನ ಬರೆಯಲು ಪುರುಸೊತ್ತು ಸಿಗುವುದಿಲ್ಲವೆಂದು ಬುಧವಾರವೇ ಕುಳಿತು ಇಡೀ ವಿದಾಯವನ್ನು ಬರೆದು ಮುಗಿಸಿದೆ. ರೈಲು ಹೊರಡುವ ಗಳಿಗೆಗೆ ಸರಿಯಾಗಿ ಅದು ತಾನೇ ಪ್ರಕಟವಾಗುವಂತೆ ಸಮಯ ನಿಗದಿ ಮಾಡಲು ಹೋಗಿ, ಪಕ್ಕದ ಗುಂಡಿ ಒತ್ತಿದೆ. ನನಗದು ಗೊತ್ತಾಗಲಿಲ್ಲ. ಬ್ಲಾಗಿನ ವಿಳಾಸವನ್ನು ಹಿಂದಿನ ದಿನವೇ ನೆಂಟರ ಗುಂಪಿಗೂ ನಮ್ಮ ಕಟ್ಟಡದ ಗುಂಪಿಗೂ ಕಳಿಸಿ, ಎಲ್ಲರೂ ನೋಡಲೇಬೇಕೆಂದು ಕೇಳಿಕೊಂಡಿದ್ದೆ.

ಮಧ್ಯಾಹ್ನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಾಗ ಬೆಲ್ ಆಯಿತು. ಬಾಗಿಲು ತೆಗೆದರೆ ಕೆಳಮನೆಯ ಅಕ್ಕ. ಅವರು ರಾಣೇಬೆನ್ನೂರು ಕಡೆಯವರು, ಯಜಮಾನರಿಗೆ ಪೀಣ್ಯದಲ್ಲಿ ಕೆಲಸ. ಅಮ್ಮಿಯನ್ನು ಸಮಾಧಾನ ಮಾಡಲೆಂದು ಸೆರಗು ಸರಿಪಡಿಸಿಕೊಂಡು ಬಂದಿದ್ದರು. ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಯವ್ವಾ, ನೀ ಇಲ್ಲೇ ಅದೀ? ಹೋದಿ ಅಂತ ಬರ್ದೀಯಲ್ಲ. ನಿಮ್ಮವ್ವ ಸ್ಟೇಷನ್ನಿನ್ಯಾಗ ಕುಸದು ಕುಂತ್ರು ಅಂತನೂ ಬರ್ದೀ."

ಅಷ್ಟರಲ್ಲಿ ಅಮ್ಮಿ ಬಂದು ಅಕ್ಕನ ಮೊಬೈಲ್ ಇಸಿದುಕೊಂಡಳು. ಅವಳು ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದವಳು. 'ನನ್ನ ತಾಯಿಯ ಕಣ್ಣೀರಿನಲ್ಲಿ ಇಡೀ ನಿಲ್ದಾಣವೇ ಮುಳುಗಿಹೋಯಿತು' ಎಂಬ ಸಾಲನ್ನು ಗಟ್ಟಿಯಾಗಿ ಎರಡು ಸಲ ಓದಿದಳು.

"ಮೈಂ ಕಬ್ ರೋಯಿ?" ಎಂದಳು. ನಾನು ಯಾವಾಗ ಅತ್ತೆ ಎಂದು.

ಇನ್ನೂ ಅತ್ತಿಲ್ಲ, ಭಾನುವಾರ ಅಳುತ್ತೀಯ ಎಂದು ವಿವರಿಸಿದೆ. ಭಾನುವಾರ ನೀರು ಬಿಡುವ ದಿನ, ತಾನು ನಿಲ್ದಾಣಕ್ಕೆ ಬರುವುದೇ ಅನುಮಾನ ಎಂದು ಹೇಳಿ ಅವಳು ಒಳಗೆ ಹೋದಳು. ಅಕ್ಕ ಮಾತ್ರ ಅಲ್ಲೇ ಕುಳಿತು ಉಳಿದದ್ದನ್ನೂ ಓದಿದರು. ನಾನು ಹೋಗಲಿರುವ ಊರನ್ನು 'ಯಾರೂ ಕಂಡರಿಯದ ಸುಡುನೆಲ' ಎಂದು ಬಣ್ಣಿಸಿದ್ದೆ. ತಾನು ಕಂಡಿದ್ದೇನೆ, ತನ್ನ ತವರುಮನೆ ಅಲ್ಲಿಂದ ಮೂರನೆಯ ಸ್ಟಾಪು ಎಂದರು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ತಮ್ಮ ತಾಯಿಯ ನಂಬರ್ ಬರೆದುಕೊಟ್ಟು, ಬಿಸಿಲಿಗೆ ತಲೆನೋವು ಬಂದರೆ ಅಲ್ಲಿಗೆ ಹೋಗೆಂದರು. ನನಗೆ ತಲೆ ಎತ್ತಲಾಗಲಿಲ್ಲ. ಬರಹವನ್ನು ತಕ್ಷಣ ಅಳಿಸಬೇಕಿತ್ತು. ಅಳಿಸಲಿಲ್ಲ. ಸಂಜೆಯ ಹೊತ್ತಿಗೆ ಅದನ್ನು ಅರವತ್ತೆರಡು ಜನ ಓದಿದ್ದರು.

ಭಾನುವಾರ ಅಮ್ಮಿ ಬಂದಳು. ಖಾಲಾನೂ ಬಂದಿದ್ದಳು. ಅಮ್ಮಿ ಅತ್ತರೆ ವಿಡಿಯೋ ಮಾಡೋಣವೆಂದು ಮೊಬೈಲ್ ಎತ್ತಿಕೊಂಡೇ ನಿಂತಿದ್ದಳು. ಎಲ್ಲರಿಗೂ ಆ ದೃಶ್ಯ ಬಾಯಿಪಾಠವಾಗಿದ್ದರಿಂದ ಒಬ್ಬರಿಗೂ ಸಹಜವಾಗಿ ನಿಲ್ಲಲು ಬರುತ್ತಿರಲಿಲ್ಲ. ಒದ್ದೆ ಟವೆಲನ್ನು ಬ್ಯಾಗಿನ ಮೇಲೆ ಒಣಹಾಕಬೇಡ ಎಂದಷ್ಟೇ ಹೇಳಿ ಅಮ್ಮಿ ಬೇರೆ ಕಡೆ ನೋಡಿದಳು. ಯಾರೂ ಅಳಲಿಲ್ಲ.

ಅಬ್ಬಾ ನನ್ನ ಬ್ಯಾಗನ್ನು ಸೀಟಿನ ಕೆಳಗಿಡಲು ಒಳಗೆ ಬಂದರು. ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಏನನ್ನು ಬಿಗಿದರೂ ಮೂರು ಸಲ ಎಳೆದು ನೋಡದೆ ಬಿಡುವುದಿಲ್ಲ. ಬ್ಯಾಗಿಗೆ ಸರಪಳಿ ಹಾಕಿ ಮೂರನೆಯ ಸಲ ಎಳೆಯುತ್ತಿದ್ದಾಗ ರೈಲು ಹೊರಟಿತು. ಬಾಗಿಲ ಬಳಿ ಓಡುವ ಹೊತ್ತಿಗೆ ಪ್ಲಾಟ್‌ಫಾರ್ಮ್ ವೇಗವಾಗಿ ಹಿಂದೆ ಸರಿಯುತ್ತಿತ್ತು. ಹಿಂದಿನಿಂದ ಅವರ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಇಳಿಯಬೇಡಿ ಎಂದು ಬೇಡಿಕೊಂಡೆ. ಇನ್ನು ರೈಲು ನಿಲ್ಲುವುದು ತುಮಕೂರಿನಲ್ಲೇ. ಅವರು ಮರಳಿ ಬಂದು ನನ್ನ ಎದುರು ಕುಳಿತು ಅಮ್ಮಿಗೆ ಫೋನ್ ಮಾಡಿದರು. ಅವಳು ಏನೆಂದಳೋ, ಫೋನನ್ನು ಕಿವಿಯಿಂದ ಒಂದಿಷ್ಟು ದೂರ ಹಿಡಿದರು.

ಟಿಕೆಟ್ ಪರೀಕ್ಷಕರು ಬಂದು ಅವರ ಪ್ಲಾಟ್‌ಫಾರ್ಮ್ ಟಿಕೆಟನ್ನು ತಿರುಗಿಸಿ ನೋಡಿ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದು ಬೈದು, ತುಮಕೂರಲ್ಲಿ ಇಳಿಯಲೇಬೇಕು ಎಂದು ಹೋದರು. ಅಬ್ಬಾ ತಲೆ ತಗ್ಗಿಸಿ ಕೇಳಿಸಿಕೊಂಡರು. ಚಿಕ್ಕಬಾಣಾವರ ದಾಟುವಾಗ ಕಿಟಕಿಯಾಚೆ ಕೈ ತೋರಿಸಿ, ಅಬ್ಬಿಗೆರೆ ಇನ್ನೂ ರಾಗಿ ಹೊಲವಾಗಿದ್ದಾಗ ತಾನು ರಿಪೇರಿ ಮಾಡಿದ ಮೊದಲ ಬೋರ್‌ವೆಲ್ ಮೋಟಾರು ಅಲ್ಲಿಯದೇ ಎಂದರು. ನನಗದು ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ.

ಆಮೇಲೆ, ಊರಿಗೆಲ್ಲ ಓದಿಸಿದ್ದೀಯಂತೆ, ನನಗೂ ಓದು ಎಂದರು. ಅಂಗಡಿ ಬೋರ್ಡುಗಳನ್ನು ಬಿಟ್ಟರೆ ಅವರು ಕನ್ನಡ ಓದಲಾರರು. ನಾನು ಒಂದೊಂದು ಸಾಲನ್ನೂ ದಖ್ನಿಯಲ್ಲಿ ಹೇಳುತ್ತ ಹೋದೆ. ಹೃದಯ ಭಾರವಾಯಿತು ಎಂಬಲ್ಲಿ ತಡೆದು, ಎದೆ ನೋವಿತ್ತೇ, ಯಾಕೆ ಹೇಳಲಿಲ್ಲ ಎಂದು ಗಾಬರಿಯಾದರು. ಅದು ಹಾಗಲ್ಲ ಎಂದು ತಿಳಿಸಲು ಬಹಳ ಹೊತ್ತು ಬೇಕಾಯಿತು. ದಖ್ನಿಯಲ್ಲಿ ಹೇಳಿದರೆ ನನ್ನ ಒಂದು ಸಾಲೂ ನಿಲ್ಲುತ್ತಿರಲಿಲ್ಲ.

ಇದರಲ್ಲಿ ನಾನೆಲ್ಲಿದ್ದೇನೆ ಎಂದು ಕೇಳಿದರು. ಅವರ ಪಾಲಿಗೆ ಇದ್ದದ್ದು ಒಂದೇ ಸಾಲು. 'ಅಬ್ಬಾ ಮೌನವಾಗಿ ದೂರದಲ್ಲಿ ನಿಂತಿದ್ದರು.'

ಅವರು ಸ್ವಲ್ಪ ಯೋಚಿಸಿದರು. "ದೂರ ಎಲ್ಲಿ ನಿಂತಿದ್ದೆ? ಇಲ್ಲೇ ಕೂತಿದೀನಲ್ಲ" ಎಂದರು.

ತುಮಕೂರಿನಲ್ಲಿ ಇಳಿದು ಕಿಟಕಿಯ ಬಳಿ ಬಂದು, ಬಾಟಲಿಯಲ್ಲಿ ನೀರಿದೆಯೇ ಎಂದು ನೋಡಿದರು. ರೈಲು ಹೊರಟ ಮೇಲೆ ನಾನು ಅತ್ತ ಅಳುವಿಗೆ ಪಕ್ಕದ ಹೆಂಗಸು ಸೀಬೆಹಣ್ಣು ಕೊಟ್ಟು, ಪರೀಕ್ಷೆ ಫೇಲಾಯಿತೇ ಎಂದು ಮೆಲ್ಲಗೆ ಕೇಳಿದರು.

ತಿಪಟೂರು ಬರುವ ಮೊದಲೇ ಆ ಬರಹವನ್ನು ಅಳಿಸಿದೆ. ಮೊಬೈಲಿನಲ್ಲೇ ಬೇರೊಂದು ಬರೆದೆ. ಅಬ್ಬಾ ತುಮಕೂರಿನವರೆಗೆ ಬಂದರು ಎಂಬುದಷ್ಟೇ, ಹದಿನಾಲ್ಕು ಸಾಲು. ಅದನ್ನು ಓದಿದವರು ಐದು ಜನ. ಅವರಲ್ಲಿ ಒಬ್ಬಳಾದ ಅಮ್ಮಿ ರಾತ್ರಿ ಊಟದ ಹೊತ್ತಿಗೆ ಅದನ್ನು ಅಬ್ಬಾಗೆ ಓದಿ ಹೇಳಿದಳಂತೆ. ಅವರು ಪೂರ್ತಿ ಕೇಳಿ, ಟಿಕೆಟ್ ಪರೀಕ್ಷಕರು ಬೈದ ಭಾಗವನ್ನು ತೆಗೆದುಬಿಡು ಎಂದು ಹೇಳಿಕಳಿಸಿದರು. ತೆಗೆದೆ.