ಹಿತ್ತಿಲ ಹೊಂಡ ಅತ್ತ ಸಂಜೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಹಿಂದೆ ಒಂದು ಹೊಂಡವಿತ್ತು, ಮತ್ತು ನಾನು ಅದಕ್ಕೆ ಹೆದರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿ ನೀವು ಅಜ್ಜಿ ಪುಕ್ಕಲಿ ಎನ್ನಬಾರದು. ಕಟಕೋಳದ ನಮ್ಮ ಮನೆ ಆಗ ಮಣ್ಣಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆ. ಅಷ್ಟೂ ಮಣ್ಣನ್ನು ಹಿತ್ತಿಲಲ್ಲೇ ಅಗೆದು ತೆಗೆದಿದ್ದರಂತೆ. ಮನೆ ಮೇಲೆದ್ದ ಹಾಗೆ ಗುಂಡಿ ಕೆಳಗಿಳಿಯಿತು. ಮಳೆಯ ನೀರು, ಬಚ್ಚಲ ನೀರು ಎಲ್ಲ ಸೇರಿ ಹೊಂಡವಾಯಿತು. ಮನೆಯೂ ಹೊಂಡವೂ ಒಂದೇ ಮಣ್ಣು, ಒಳಗೆ ಆಡಿದ ಮಾತು ಅದಕ್ಕೆ ಕೇಳಿಸುತ್ತದೆ ಎಂದು ಆಯಿ ಹೇಳುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಹೊಂಡದ ದಂಡೆಯಲ್ಲಿ ನಿಂತು ನಾನು ಯಾರನ್ನಾದರೂ ಬೈದರೆ ಓಡಿ ಬಂದು ನನ್ನ ಬಾಯಿ ಮುಚ್ಚುತ್ತಿದ್ದಳು.

ಮಳೆಗಾಲ ಬಂತೆಂದರೆ ನಾನು ಮನೆಯಲ್ಲಿ ಇರುತ್ತಿದ್ದುದು ಊಟಕ್ಕೆ ಮಾತ್ರ. ಹೊಂಡದ ಮೇಲೆ ಒಂದು ಜಾಲಿಯ ಮರ ಬಾಗಿತ್ತು. ಅದರ ಟೊಂಗೆಗಳಿಗೆ ಗೀಜಗನ ಗೂಡುಗಳು ಜೋತುಬಿದ್ದಿರುತ್ತಿದ್ದವು. ಗಂಡು ಹಕ್ಕಿ ಅರ್ಧ ಗೂಡು ಹೆಣೆದು, ಹೆಂಡತಿಯ ಮನಸ್ಸಿಗೆ ಬರಲಿಲ್ಲವೆಂದರೆ ಅದನ್ನು ಅಲ್ಲಿಯೇ ಬಿಟ್ಟು ಪಕ್ಕದಲ್ಲಿ ಇನ್ನೊಂದನ್ನು ಸುರುಮಾಡುತ್ತಿತ್ತು. ಮಿಂಚುಳ್ಳಿ ಬಂದು ಕೂತು, ನೀರನ್ನು ದಿಟ್ಟಿಸಿ, ಕಣ್ಣು ಮಿಟುಕಿಸುವುದರೊಳಗೆ ಮುಳುಗಿ ಎದ್ದು ಹೋಗುತ್ತಿತ್ತು. ಜೊಂಡಿನ ನಡುವೆ ಬೆಳ್ಳಕ್ಕಿ ಒಂಟಿಕಾಲಿನಲ್ಲಿ ನಿಲ್ಲುತ್ತಿತ್ತು. ನಾನು ಜೋಳದ ರೊಟ್ಟಿಯ ಚೂರು ಎಸೆದರೆ ಸಣ್ಣ ಸಣ್ಣ ಮೀನುಗಳು ಬಂದು ಅದನ್ನು ಅತ್ತಿತ್ತ ಎಳೆದಾಡುತ್ತಿದ್ದವು. ಒಂದು ಆಮೆಯೂ ಇತ್ತು. ಅದು ಮೂಗಿನ ತುದಿಯಷ್ಟನ್ನೇ ಹೊರಗೆ ಚಾಚಿ ನನ್ನನ್ನು ನೋಡಿ ಮತ್ತೆ ಕೆಳಗೆ ಹೋಗುತ್ತಿತ್ತು. ಹಸಿ ಮಣ್ಣಿನ, ಕೊಳೆತ ಎಲೆಯ ಆ ವಾಸನೆ ನನಗೆ ಇವತ್ತಿಗೂ ಇಷ್ಟ.

ಒಂದು ಶ್ರಾವಣದಲ್ಲಿ ಅಕ್ಕ ಹೆರಿಗೆಗೆಂದು ತವರಿಗೆ ಬಂದಳು. ಅವಳ ಗಂಡ ಆಗ ನವಿಲುತೀರ್ಥದ ಕಡೆ ಕಾಲುವೆಯ ಕೆಲಸದಲ್ಲಿದ್ದ. ನಮ್ಮ ಅವ್ವ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದಳು. ನನ್ನನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ್ದು ಅಕ್ಕನೇ. ಅವ್ವ ಇಲ್ಲದ್ದರಿಂದ ಅಕ್ಕನ ಬಾಣಂತನ ಆಯಿಯ ಪಾಲಿಗೆ ಬಂತು. ಕೂಸು ಹುಟ್ಟಿದಾಗ ನೀಲಿಗಟ್ಟಿತ್ತು. ಸೂಲಗಿತ್ತಿ ಅದರ ಅಂಗಾಲಿಗೆ ಬಡಿದಳು, ಆಯಿ ಅದರ ಕಿವಿಯ ಹತ್ತಿರ ಹಿತ್ತಾಳೆಯ ತಾಟು ಬಾರಿಸಿದಳು. ಕೊನೆಗೆ ಅದು ಬೆಕ್ಕಿನ ಮರಿಯ ಹಾಗೆ ಒಮ್ಮೆ ಕುಂಯ್ ಎಂದು ಉಸಿರೆಳೆದುಕೊಂಡಿತು. ಹೆಣ್ಣು ಕೂಸು. ಆಮೇಲೆ ಹಾಲು ಕುಡಿಯಿತು, ಕಣ್ಣು ಬಿಟ್ಟಿತು, ಮುಷ್ಟಿ ಬಿಗಿ ಹಿಡಿಯಿತು. ಆದರೆ ಅಳಲಿಲ್ಲ.

ಅಪ್ಪ ಗಾಬರಿಯಾಗಿ ರಾಮದುರ್ಗದಿಂದ ಡಾಕ್ಟರರನ್ನು ಕರೆತಂದ. ಅವರು ಎದೆ ನೋಡಿ, ಬಾಯಿ ನೋಡಿ, ಏನೂ ತೊಂದರೆಯಿಲ್ಲ, ತಾನಾಗಿ ಅಳುತ್ತದೆ, ಕಾಯಿರಿ ಎಂದು ಹೇಳಿ ಹೋದರು. ಕಾಯುವುದು ಹೇಳುವಷ್ಟು ಸುಲಭವಲ್ಲ. ಅಕ್ಕ ಕೂಸನ್ನು ಕೆಳಗೆ ಇಳಿಸದೆ ತೊಡೆಯ ಮೇಲೆ ಇಟ್ಟುಕೊಂಡೇ ಇರುತ್ತಿದ್ದಳು. ಅವಳು ಮಲಗಿದರೆ ಆಯಿ ಎತ್ತಿಕೊಳ್ಳುತ್ತಿದ್ದಳು. ಅದು ತುಟಿ ಅಲುಗಿಸಿದರೂ ಸಾಕು, ಹಾಲು. ಕೈ ಆಡಿಸಿದರೂ ಸಾಕು, ಲಾಲಿ. ದನಿ ಕೇಳದೆ ಹೆಸರಿಡುವುದು ಬೇಡವೆಂದು ಅಕ್ಕ ಹಟ ಹಿಡಿದಳು. ತೊಟ್ಟಿಲಿಗೆ ಹಾಕುವ ದಿನ ಬಂದು ಹೋಯಿತು, ತೊಟ್ಟಿಲು ಅಟ್ಟದ ಮೇಲೆಯೇ ಉಳಿಯಿತು.

ಆ ದಿನಗಳಲ್ಲೇ ಹೊಂಡ ಅಳತೊಡಗಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಿಲಿನಿಂದ ಎಳೆಯ ಕೂಸಿನ ಅಳು ಬರುತ್ತಿತ್ತು. ಸಣ್ಣಗೆ ಸುರುವಾಗಿ, ಉದ್ದಕ್ಕೆ ಎಳೆದು, ಉಸಿರು ಕಟ್ಟಿದಂತೆ ನಿಂತು, ಮತ್ತೆ ಬರುತ್ತಿತ್ತು. ಅಕ್ಕನ ಕೋಣೆಯಲ್ಲಿ ಅಜವಾನ ಮತ್ತು ಲೋಬಾನದ ಹೊಗೆ ತುಂಬಿರುತ್ತಿತ್ತು, ಬಾಣಂತಿಗೆ ಗಾಳಿ ಹೋಗಬಾರದೆಂದು ಅವಳ ಕಿವಿಗೆ ಅರಳೆ ತುರುಕಿ ತಲೆಗೆ ಬಟ್ಟೆ ಬಿಗಿದಿದ್ದರು. ನಾನು ಪಕ್ಕದಲ್ಲಿ ಕೂತು ಮಾತಾಡಿದರೂ ಅವಳಿಗೆ ಕೇಳುತ್ತಿರಲಿಲ್ಲ. ಆದರೆ ಆ ಅಳು ಕೇಳುತ್ತಿತ್ತು. ಕೇಳಿದ ಕೂಡಲೇ ತೊಡೆಯ ಮೇಲಿನ ಕೂಸಿನ ಬಾಯಿ ನೋಡುತ್ತಿದ್ದಳು. ಕೂಸಿನ ಬಾಯಿ ಮುಚ್ಚಿಯೇ ಇರುತ್ತಿತ್ತು.

ಹಾವು ಕಪ್ಪೆಯನ್ನು ಹಿಡಿದಿರಬೇಕು ಎಂದು ಅಪ್ಪ ಒಮ್ಮೆ ಅಂದ. ಹಳ್ಳಿಯವರಿಗೆ ಆ ಕೂಗು ಗೊತ್ತಿಲ್ಲದ್ದೇನಲ್ಲ. ಬೇರೆ ದಿನಗಳಲ್ಲಾಗಿದ್ದರೆ ಆಯಿಯೇ ಆ ಮಾತು ಹೇಳಿ ರೊಟ್ಟಿ ತಟ್ಟುತ್ತಾ ಕೂರುತ್ತಿದ್ದಳು. ಆದರೆ ಹೆದರಿದವರ ಮೇಲೆ ಹಾವು ಎಸೆದರು ಅನ್ನುತ್ತಾರಲ್ಲ, ನಮ್ಮ ಮನೆಯ ಸ್ಥಿತಿ ಹಾಗಾಗಿತ್ತು. ಅಪ್ಪ ಕಂದೀಲು ಹಿಡಿದು ಹೋಗಿ ನೋಡಿದರೆ ಅಳು ನಿಂತಿರುತ್ತಿತ್ತು. ನೀರಿನ ಮೇಲೆ ಕಂದೀಲಿನ ಬೆಳಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಒಂದು ಭಾನುವಾರ ಅಕ್ಕ ಊಟದ ತಾಟನ್ನು ದೂರ ಸರಿಸಿ ಅಪ್ಪನನ್ನು ಕರೆದಳು.

"ಅಪ್ಪಾ, ನನ್ನ ಕೂಸಿನ ದನಿ ಆ ಹೊಂಡದಾಗ ಐತಿ. ಅದನ್ನ ಮುಚ್ಚಿಬಿಡು. ಮುಚ್ಚೂತನಕಾ ನಾ ಉಣ್ಣಂಗಿಲ್ಲ."

ಬಾಣಂತಿ ಉಪವಾಸ ಕೂತರೆ ಕೂಸಿಗೆ ಹಾಲೆಲ್ಲಿಯದು? ಅಪ್ಪ ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದ.

"ನಾಳೆ ಸೋಮವಾರ, ಎತ್ತು ಹೂಡಂಗಿಲ್ಲವ್ವಾ. ಮಂಗಳವಾರ ಮುಂಜಾನೆ ಮಣ್ಣು ಹೇರಿಕೊಂಡು ಬಂದು ಮುಚ್ಚತೇನಿ. ನೀ ಈಗ ಉಣ್ಣು."

ಸೋಮವಾರ ಬಸವಣ್ಣನ ವಾರ. ನಮ್ಮ ಕಡೆಯ ಒಕ್ಕಲಿಗರು ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಎಷ್ಟೇ ಅವಸರವಿರಲಿ. ಅಕ್ಕನಿಗೂ ಅದು ಗೊತ್ತಿತ್ತು. ಅವಳು ತಾಟನ್ನು ಹತ್ತಿರ ಎಳೆದುಕೊಂಡಳು. ನನ್ನ ಹೊಂಡಕ್ಕೆ ಒಂದು ದಿನ ಸಿಕ್ಕಿತು.

ಮರುದಿನ ನಾನು ಹೊಟ್ಟೆನೋವೆಂದು ಹೇಳಿ ಶಾಲೆಗೆ ಹೋಗಲಿಲ್ಲ. ಹೊಂಡದ ದಂಡೆಗೆ ಹೋಗಿ ಕೂತೆ. ನನಗೆ ಅಕ್ಕನ ಮೇಲೆ ಸಿಟ್ಟಿತ್ತು, ಸಿಟ್ಟು ಬಂದದ್ದಕ್ಕೆ ಅಳುವೂ ಬರುತ್ತಿತ್ತು. ಕೂಸು ಅಳಬೇಕು, ಹೊಂಡವೂ ಉಳಿಯಬೇಕು, ನನಗೆ ಎರಡೂ ಬೇಕಾಗಿದ್ದವು. ಮಣ್ಣು ಬಿದ್ದರೆ ಆಮೆ ಎಲ್ಲಿಗೆ ಹೋಗುತ್ತದೆ, ಅದಕ್ಕೆ ದಾರಿ ತೋರಿಸುವವರು ಯಾರು ಎಂದು ಯೋಚಿಸಿದೆ. ಎಲ್ಲರನ್ನೂ ಕೊನೆಯ ಸಲ ನೋಡಿಬಿಡೋಣವೆಂದು ರೊಟ್ಟಿ ತಂದಿದ್ದೆ.

ಆದರೆ ಆ ದಿನ ಹೊಂಡ ಬೇರೆಯೇ ಆಗಿತ್ತು. ಹೊತ್ತು ನೆತ್ತಿಗೆ ಬಂದಾಗ ಗೀಜಗಗಳು ಹೆಣೆಯುವುದನ್ನು ಬಿಟ್ಟು ಎಲ್ಲಿಗೋ ಹಾರಿಹೋದವು. ಕಪ್ಪೆಗಳ ವಟಗುಟ್ಟುವಿಕೆ ಯಾರೋ ಬಾಯಿ ಮುಚ್ಚಿದಂತೆ ನಿಂತಿತು. ಗಾಳಿ ಇರಲಿಲ್ಲ, ಆದರೂ ಜೊಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಲುಗುತ್ತಾ ಹೋಯಿತು. ರೊಟ್ಟಿಯ ಚೂರು ಎಸೆದೆ. ಅದು ತೇಲಿತು, ನೆನೆಯಿತು, ಮುಳುಗಿತು. ಒಂದು ಮೀನೂ ಬರಲಿಲ್ಲ. ಬಗ್ಗಿ ನೋಡಿದೆ. ನೀರಿನಲ್ಲಿ ನನ್ನ ಮುಖವಿತ್ತು, ಅದು ನನ್ನ ಮಾತಿಗೆ ಕಾಯುತ್ತಿದ್ದಂತೆ ಕಂಡಿತು. ನಾನು ಹೆದರುತ್ತಿರಲಿಲ್ಲ ಎಂದೆನಲ್ಲ, ಆ ದಿನವೊಂದನ್ನು ಬಿಟ್ಟು ಎಂದು ತಿದ್ದಿಕೊಳ್ಳಿ.

ಓಡಿ ಒಳಗೆ ಹೋದೆ. ಆಯಿ ಜೋಳ ಹಸನು ಮಾಡುತ್ತಿದ್ದಳು. ನನ್ನ ತಲೆಯಲ್ಲಿ ಬೆಳಿಗ್ಗೆಯಿಂದ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ. ಕೂಸಿನ ದನಿ ಹೊಂಡದಲ್ಲೇ ಇದ್ದರೆ, ಮಣ್ಣು ಹಾಕಿದಾಗ ದನಿಯೂ ಮಣ್ಣಿನ ಕೆಳಗೆ ಹೋಗುವುದಿಲ್ಲವೇ? ಮೊರ ಹಿಡಿದ ಆಯಿಯ ಕೈ ನಿಂತಿತು. ಅವಳು ಬಾಣಂತಿಯ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು.

"ಅದು ನನಗ ಗೊತ್ತಿಲ್ಲವಾ. ನಿಮ್ಮಕ್ಕ ಒಂದೀಟ ನಿದ್ದಿ ಮಾಡ್ಲಿ ಅಂತ ನಿಮ್ಮಪ್ಪ ಮುಚ್ಚಾಕತ್ತಾನ. ಈ ಮಾತು ಅಕಿ ಮುಂದ ಆಡಬ್ಯಾಡ."

ಆಯಿಗೂ ಗೊತ್ತಿಲ್ಲದ ಸಂಗತಿ ಇರುತ್ತದೆಂದು ನನಗೆ ತಿಳಿದದ್ದು ಆಗಲೇ. ಅದು ಹೊಂಡಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಹೊತ್ತು ಮುಳುಗುವಾಗ ನಾನು ಮತ್ತೆ ಹೊಂಡದ ಹತ್ತಿರ ಹೋದೆ. ಅಳುವುದು ಏನೆಂದು ನೋಡಿಯೇ ತೀರಬೇಕು ಎಂದುಕೊಂಡಿದ್ದೆ. ನಾಳೆ ನೋಡುತ್ತೇನೆಂದರೆ ಹೊಂಡವೇ ಇರುವುದಿಲ್ಲ. ಅಪ್ಪ ಕೊಟ್ಟಿಗೆಯಲ್ಲಿದ್ದ. ಆಯಿ ದೇವರ ಮುಂದೆ ದೀಪ ಹಚ್ಚಲು ಹೋಗಿದ್ದಳು. ಜಾಲಿಯ ನೆರಳು ನೀರಿನ ಮೇಲೆ ಪೂರ್ತಿ ಬಿದ್ದು ಹೊಂಡ ಕಪ್ಪಾಗಿತ್ತು. ಆಗ ನನ್ನಿಂದ ಒಂದು ಮಾರು ದೂರದಲ್ಲಿ, ಜೊಂಡಿನೊಳಗಿಂದ, ಅಳು ಎದ್ದಿತು.

ನಾನು ಅಲುಗಲಿಲ್ಲ. ಅಲುಗಲು ಆಗಲಿಲ್ಲ ಎನ್ನುವುದೇ ಸರಿ. ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಅಕ್ಕ ಬಂದಿದ್ದಳು. ಬಾಣಂತಿ ಸಂಜೆಗತ್ತಲಲ್ಲಿ ಹೊಸ್ತಿಲು ದಾಟಬಾರದು. ಆದರೆ ಅವಳು ತಲೆಯ ಬಟ್ಟೆ ಬಿಚ್ಚಿ, ಕಿವಿಯ ಅರಳೆ ಕಿತ್ತು, ಬರಿಗಾಲಲ್ಲಿ ಬಂದುಬಿಟ್ಟಿದ್ದಳು. ನನ್ನನ್ನು ಅವಳು ನೋಡಲೇ ಇಲ್ಲ. ಅಳು ಬಂದ ಕಡೆಗೆ ಎರಡೂ ಕೈ ಚಾಚಿ, ಕೂಸನ್ನು ಎತ್ತಿಕೊಳ್ಳುವವಳ ಹಾಗೆ, ನೇರವಾಗಿ ನೀರಿಗೆ ಇಳಿದಳು. ನೀರು ಅವಳ ಮೊಣಕಾಲಿಗೆ ಬಂತು. ಮುಂದೆ ಆಳವಿತ್ತು.

ಆಗ ನನ್ನ ಕಾಲಿಗೆ ಜೀವ ಬಂತು. ಹಿಂದಿನಿಂದ ಹೋಗಿ ಅವಳ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಎಳೆಯುವಾಗಲೇ ಜೊಂಡಿನ ಬುಡದಲ್ಲಿ ನನಗೆ ಅದು ಕಂಡಿತು. ಒಂದು ನೀರುಹಾವು. ಅದರ ಬಾಯಲ್ಲಿ ದೊಡ್ಡ ಕಪ್ಪೆಯೊಂದರ ಹಿಂಗಾಲು. ಕಪ್ಪೆ ಮುಂಗಾಲುಗಳನ್ನು ಅಗಲಿಸಿ, ಬಾಯಿ ತೆರೆದು ಕೂಸಿನ ಹಾಗೆ ಅಳುತ್ತಿತ್ತು.

"ಅಕ್ಕಾ, ಕಪ್ಪಿ ಅದು. ಅಲ್ಲಿ ನೋಡು, ಕಪ್ಪಿ."

ಅಕ್ಕ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅವಳು ಸಿಟ್ಟಿನಿಂದ ನೀರನ್ನು ಅಂಗೈಯಿಂದ ಪಟಾರನೆ ಬಡಿದಳು. ಹಾವು ಬೆದರಿ ಕಪ್ಪೆಯನ್ನು ಬಿಟ್ಟು ಜೊಂಡಿನೊಳಗೆ ಹರಿದುಹೋಯಿತು. ಕಪ್ಪೆ ಬುಳಕ್ಕೆಂದು ಮುಳುಗಿತು. ನೀರಿನ ಅಲೆ ದಂಡೆಗೆ ಬಂದು ಬಡಿದು ನಿಂತಿತು.

ಆದರೆ ಅಳು ನಿಲ್ಲಲಿಲ್ಲ.

ನಾವಿಬ್ಬರೂ ನೀರಿನಲ್ಲಿ ನಿಂತು ಕೇಳಿದೆವು. ಅದೇ ಅಳು, ಸಣ್ಣಗೆ ಸುರುವಾಗಿ ಉದ್ದಕ್ಕೆ ಎಳೆಯುವ ಅದೇ ದನಿ. ಆದರೆ ಹೊಂಡದ ಕಡೆಯಿಂದಲ್ಲ, ನಮ್ಮ ಬೆನ್ನ ಹಿಂದಿನಿಂದ ಬರುತ್ತಿತ್ತು. ಅಕ್ಕನ ಕೈ ನನ್ನ ಕೈಯನ್ನು ಹುಡುಕಿ ಹಿಡಿಯಿತು. ತಿರುಗಿ ನೋಡಲು ಅವಳಿಗೂ ಧೈರ್ಯವಿರಲಿಲ್ಲ, ನನಗೂ ಇರಲಿಲ್ಲ. ಆಮೇಲೆ ಅವಳು ನನ್ನ ಕೈ ಬಿಟ್ಟು, ಒದ್ದೆ ಸೀರೆ ಕಾಲಿಗೆ ತೊಡರಿದರೂ ಬಿಡದೆ ಮನೆಯ ಕಡೆ ಓಡಿದಳು.

ಕೋಣೆಯಲ್ಲಿ ಕೂಸು ಕೌದಿಯ ಮೇಲೆ ಒಂದೇ ಇತ್ತು. ಮುಖ ಕೆಂಪು ಮಾಡಿಕೊಂಡು, ಕಾಲು ಝಾಡಿಸುತ್ತಾ, ಮಾಳಿಗೆ ಹಾರಿಹೋಗುವಂತೆ ಅಳುತ್ತಿತ್ತು. ಹುಟ್ಟಿದಾಗಿನಿಂದ ಮೊದಲ ಸಲ ಅದನ್ನು ಯಾರೂ ಎತ್ತಿಕೊಂಡಿರಲಿಲ್ಲ. ಆಯಿ ದೀಪ ಹಿಡಿದು ಅದರ ಪಕ್ಕದಲ್ಲಿ ನಿಂತಿದ್ದಳು, ಬಗ್ಗಿ ಮುಟ್ಟಿರಲಿಲ್ಲ. ಅಕ್ಕ ಎತ್ತಿಕೊಳ್ಳಲು ಹೋದಾಗ ಕೈ ಅಡ್ಡ ಹಿಡಿದಳು.

"ತಡಿ, ಎತ್ಕೋಬ್ಯಾಡ. ಇನ್ನೊಂದೀಟ ಅಳ್ಲಿ. ಕೇಳೂಣು."

ನಾವು ನಿಂತು ಕೇಳಿದೆವು. ಅಪ್ಪ ಕೊಟ್ಟಿಗೆಯಿಂದ ಬಂದವನು ಬಾಗಿಲಲ್ಲೇ ಕೂತುಬಿಟ್ಟ. ಅಕ್ಕನ ಸೀರೆಯಿಂದ ಹೊಂಡದ ನೀರು ಸಾರಿಸಿದ ನೆಲದ ಮೇಲೆ ಇಳಿಯುತ್ತಿತ್ತು, ಅವಳ ಕಣ್ಣಿಂದಲೂ ಇಳಿಯುತ್ತಿತ್ತು, ಅವಳು ಯಾವುದನ್ನೂ ಒರೆಸಿಕೊಳ್ಳಲಿಲ್ಲ. ಅತ್ತ ಕೂಸಿಗೆ ಹಾಲು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅಳುವ ಮೊದಲೇ ಹಾಲು ಕೊಟ್ಟು, ತೊಡೆ ಬಿಡದೆ ಹಿಡಿದುಕೊಂಡು, ಆ ಕೂಸಿಗೆ ಅಳಲು ಎಡೆಯನ್ನೇ ಬಿಟ್ಟಿರಲಿಲ್ಲ ಎಂದು ಆಯಿ ಆಮೇಲೆ ನಕ್ಕು ಹೇಳಿದಳು. ಇರಬಹುದು. ಆದರೆ ಆ ದಿನದ ನಂತರ ನಾನು ಮಳೆಗಾಲ ಮುಗಿಯುವವರೆಗೆ ದಿನವೂ ಸಂಜೆ ಹೊಂಡದ ಹತ್ತಿರ ಕೂತು ಕೇಳಿದೆ. ಹಾವು ಅಲ್ಲೇ ಇತ್ತು, ಕಪ್ಪೆಗಳೂ ಬೇಕಾದಷ್ಟಿದ್ದವು. ಆ ಅಳು ಮಾತ್ರ ಮತ್ತೆ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಅಪ್ಪ ಎತ್ತು ಹೂಡಿಕೊಂಡು, ಮಣ್ಣು ಹೇರಲು ಹೋಗದೆ ನೇರ ಹೊಲಕ್ಕೆ ಹೋದ. ಬಾಣಂತಿ ಕೋಣೆ ಬಿಟ್ಟು ಹೊರಬಂದಾಗ ಊರ ಬಾವಿಗೆ ಹೋಗಿ ಗಂಗೆಯ ಪೂಜೆ ಮಾಡುವುದು ನಮ್ಮ ಪದ್ಧತಿ. ಅಕ್ಕ ಬಾವಿಗೆ ಹೋಗಲಿಲ್ಲ. ಹೊಂಡದ ದಂಡೆಯಲ್ಲಿ ಕಲ್ಲು ಜೋಡಿಸಿ ಅರಿಸಿನ ಕುಂಕುಮ ಹಚ್ಚಿ, ಕೂಸಿನ ಕೈಯನ್ನು ನೀರಿಗೆ ಮುಟ್ಟಿಸಿದಳು. ಆ ಕೂಸೇ ಉಗರಗೋಳದ ನಿಮ್ಮ ಅತ್ತೆ. ಆಕೆ ಮಾತಾಡುವಾಗ ನೀವು ಫೋನನ್ನು ಕಿವಿಯಿಂದ ಅಷ್ಟು ದೂರ ಹಿಡಿಯುತ್ತೀರಲ್ಲ, ಆ ದನಿ ಎಲ್ಲಿಂದ ಬಂತೆಂದು ಈಗಲಾದರೂ ಗೊತ್ತಾಯಿತೇ?

ಸಿಮೆಂಟಿನ ಮನೆ ಕಟ್ಟುವಾಗ ಹೊಂಡ ಮುಚ್ಚಿಹೋಯಿತು. ನೀವು ಬ್ಯಾಡ್ಮಿಂಟನ್ ಆಡುವುದು ಅದರ ಮೇಲೆಯೇ. ನಿಮ್ಮ ನೀರು ಸಂಪಿನೊಳಗಿದೆ, ಅದಕ್ಕೆ ಕಬ್ಬಿಣದ ಮುಚ್ಚಳವಿದೆ, ಗುಂಡಿ ಒತ್ತಿದರೆ ಮೇಲೇರುತ್ತದೆ. ಮಿಂಚುಳ್ಳಿಯನ್ನು ನೀವು ಮೊಬೈಲಿನಲ್ಲಿ ನನಗಿಂತ ಹತ್ತಿರದಿಂದ ನೋಡಿದ್ದೀರಿ, ಅದರ ರೆಕ್ಕೆಯ ಒಂದೊಂದು ಗರಿಯನ್ನೂ ನನಗೆ ತೋರಿಸಿದ್ದೀರಿ. ಚೆನ್ನಾಗಿತ್ತು. ಸುಳ್ಳೇಕೆ ಹೇಳಲಿ.

ಮೊನ್ನೆ ಸಂಜೆ ನಿಮ್ಮ ಪುಟ್ಟ ತಮ್ಮ ಅಳತೊಡಗಿದಾಗ ನಿಮ್ಮಲ್ಲೊಬ್ಬರು ಅವನ ಕೈಗೆ ಮೊಬೈಲು ಕೊಟ್ಟರು. ಅವನು ತಟ್ಟನೆ ಸುಮ್ಮನಾದ. ಮನೆಯೆಲ್ಲ ಸುಮ್ಮನಾಯಿತು. ನಾನು ಎದ್ದು ಹೋಗಿ ಹಿತ್ತಿಲ ಬಾಗಿಲು ತೆರೆದು ನಿಂತೆ. ಅಜ್ಜಿ ಕತ್ತಲಲ್ಲಿ ಏನು ಹುಡುಕುತ್ತಾಳೆ ಎಂದು ನೀವೆಲ್ಲ ನಕ್ಕಿರಿ. ನಾನು ಏನನ್ನೂ ಹುಡುಕುತ್ತಿರಲಿಲ್ಲ. ಅವನ ಅಳು ಎಲ್ಲಿಗೆ ಹೋಯಿತು ಎಂದು ಕಿವಿಗೊಟ್ಟು ನಿಂತಿದ್ದೆ.