ಅರ್ಧ ಬಿಡಿಸಿದ ಮೆಂತ್ಯ

ಕಳೆದ ವಾರ ಸಂಜೆ ಮುಂಬೈ ಲೋಕಲ್ಲಿಗೆ ಠಾಣೆ ಸ್ಟೇಷನ್ನಿನಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನ ಪಕ್ಕದಲ್ಲಿ ಕುಳಿತು ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿದಳು. ಮೆಂತ್ಯದ ಸೊಪ್ಪಿನ ವಾಸನೆ ಬಂತು. ಹಸಿ, ಕಹಿ, ಸ್ವಲ್ಪ ಮಣ್ಣಿನದು. ಲೇಡೀಸ್ ಡಬ್ಬಿಯ ಬೆವರು, ಮಲ್ಲಿಗೆ, ಯಾರದೋ ಕೈಯ ವಡಾಪಾವು ಎಲ್ಲವನ್ನೂ ದಾಟಿಕೊಂಡು ಅದು ನೇರ ನನ್ನ ಮೂಗಿಗೇ ಬಂತು. ನಾನು ಮುಖವನ್ನು ಕಿಟಕಿಯತ್ತ ತಿರುಗಿಸಿದೆ. ಲಾಕ್‌ಡೌನಿನ ಮೊದಲ ಮಳೆಗಾಲದಿಂದ ಈಚೆಗೆ ನಮ್ಮ ಮನೆಯಲ್ಲಿ ಮೆಂತ್ಯ ಮಾಡಿಲ್ಲ. ಗಂಡ ಕೇಳಿದರೆ ಹೊಟ್ಟೆಗೆ ಆಗುವುದಿಲ್ಲ ಎನ್ನುತ್ತೇನೆ. ಹೊಟ್ಟೆ ಚೆನ್ನಾಗಿಯೇ ಇದೆ...

ಆಗೆಲ್ಲ ನನ್ನ ಜೊತೆ ಇದೇ ಗಾಡಿಯಲ್ಲಿ ಓಡಾಡುತ್ತಿದ್ದ ಒಬ್ಬಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಡಬ್ಬಿಯಲ್ಲಿ ಉಳಿದವರಿಗೆ ಅವಳು ಟಿಟ್ವಾಳಾವಾಲಿ. ವಿಜಯಪುರದ ಕಡೆಯವಳು. ಗಂಡ ಹೊಸ ಕಟ್ಟಡಗಳಲ್ಲಿ ಟೈಲ್ಸ್ ಕೂರಿಸುವವನು, ಇವಳು ಠಾಣೆಯ ಒಂದು ಮಸಾಲೆ ಯೂನಿಟ್ಟಿನಲ್ಲಿ ಪ್ಯಾಕಿಂಗ್ ಮಾಡುವವಳು. ನಾನು ಡೊಂಬಿವಲಿಯಿಂದ ಘಾಟ್ಕೋಪರಿನ ಆಸ್ಪತ್ರೆಯೊಂದಕ್ಕೆ ಹೋಗುತ್ತಿದ್ದೆ. ಅಲ್ಲಿನ ಸ್ಟೋರಿನಲ್ಲಿ ಕ್ಲಾರ್ಕು. ಬೆಳಿಗ್ಗೆ ಅವಳು ಟಿಟ್ವಾಳಾದಲ್ಲಿ ಹತ್ತಿ ಡೊಂಬಿವಲಿಯವರೆಗೆ ಚೀಲ ಇಟ್ಟು ನನಗೆ ಸೀಟು ಹಿಡಿಯುತ್ತಿದ್ದಳು. ಸಂಜೆ ನಾನು ಘಾಟ್ಕೋಪರಿನಲ್ಲಿ ಹತ್ತಿ ಠಾಣೆಯವರೆಗೆ ಅವಳಿಗೆ ಹಿಡಿಯುತ್ತಿದ್ದೆ. ಹನ್ನೊಂದು ವರ್ಷ ಹೀಗೆ ನಡೆಯಿತು. ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಬಾಗಿಲಲ್ಲಿ ನಿಂತು, "ಏ ಬಾಯಿ, ಸರ್ಕೋ! ಪೇಟ್ ಸೇ ಹೈ!" ಎಂದು ಕಿರುಚಿ, ಎರಡು ಮೊಣಕೈಯಲ್ಲೂ ಜನರನ್ನು ತಳ್ಳಿ ನನ್ನನ್ನು ಒಳಗೆಳೆದುಕೊಂಡವಳು ಅವಳು. ನನ್ನ ಅತ್ತೆಯೂ ಅಷ್ಟು ಜೋಪಾನ ಮಾಡಲಿಲ್ಲ.

ಸಂಜೆಯ ಗಾಡಿಯಲ್ಲಿ ತರಕಾರಿ ಬಿಡಿಸುವುದು ನಮ್ಮ ಡಬ್ಬಿಯ ಪದ್ಧತಿ. ಮನೆ ಮುಟ್ಟುವ ಹೊತ್ತಿಗೆ ಅರ್ಧ ಅಡಿಗೆ ಮುಗಿದಿರಬೇಕು. ಅಕ್ಕ ಠಾಣೆ ಸ್ಟೇಷನ್ನಿನ ಹೊರಗೆ ಮೆಂತ್ಯ ಕೊಂಡು ತಂದು, ತೊಡೆಯ ಮೇಲೆ ಪೇಪರು ಹಾಸಿ, ನನ್ನ ಕೈಗೂ ಒಂದು ಕಟ್ಟು ಕೊಡುತ್ತಿದ್ದಳು. ನಾನು ಉಡುಪಿಯವಳು; ಸೊಪ್ಪೆಂದರೆ ಬಸಳೆ, ಹರಿವೆ. ಮೊದಲ ದಿನ ನಾನು ಮೆಂತ್ಯವನ್ನು ಬೇರಿನಿಂದಲೇ ಜಗ್ಗಿದ್ದು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

"ಮೀನ ತಿನ್ನೋ ಕೈಗೆ ಪಲ್ಲೆ ಸೋಸೂದು ಎಲ್ಲಿ ಬರ್ಬೇಕವ್ವಾ," ಎಂದಳು. "ಜಗ್ಗಬ್ಯಾಡ. ಉಗುರು ಹಚ್ಚು. ಎಲ್ಲಿ ತಾನಾಗೇ ಮುರೀತೈತಿ ಅಲ್ಲೇ ಮುರಿ. ಕಡ್ಡಿ ಉಳೀತಂದ್ರ ಬಾಯಾಗ ಹುಲ್ಲ ತಿಂದಂಗ ಆಗ್ತೈತಿ."

ಆಮೇಲೆ ಲಾಕ್‌ಡೌನ್ ಬಂದು ಗಾಡಿಗಳು ನಿಂತವು. ನನ್ನ ಗಂಡ ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಹೋಟೆಲು ಮುಚ್ಚಿ ಅವರು ಮನೆಯಲ್ಲಿ ಕುಳಿತರು. ನನ್ನನ್ನು ಮಾತ್ರ ಆಸ್ಪತ್ರೆಯ ಬಸ್ಸು ಕರೆದೊಯ್ಯುತ್ತಿತ್ತು. ನಮ್ಮ ಕಟ್ಟಡದ ಸೊಸೈಟಿಯವರು ಒಂದು ಸಂಜೆ ತಟ್ಟೆ ಬಡಿದು ನಮ್ಮಂಥವರನ್ನು ಹೊಗಳಿದರು, ಮರುದಿನದಿಂದ ನನ್ನನ್ನು ಲಿಫ್ಟಿನೊಳಗೆ ಬಿಡಲಿಲ್ಲ. ನಾಲ್ಕು ಮಹಡಿ ಹತ್ತುವಾಗ ಅವರ ಮನೆಗಳಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಅವರಿಗೆಲ್ಲ ಸೀನು ಬರಲಿ ಎಂದು ಶಾಪ ಹಾಕುತ್ತ ಹತ್ತುತ್ತಿದ್ದೆ.

ಮಳೆಗಾಲ ಹಿಡಿಯುವಾಗ ಲೋಕಲ್ ಮತ್ತೆ ಶುರುವಾಯಿತು, ಆದರೆ ಅಗತ್ಯ ಸೇವೆಯವರಿಗೆ ಮಾತ್ರ. ಸ್ಟೇಷನ್ನಿನ ಬಾಯಲ್ಲಿ ಪೊಲೀಸರು ನಿಂತು ನೌಕರಿಯ ಕಾರ್ಡು ನೋಡಿ ಒಳಗೆ ಬಿಡುತ್ತಿದ್ದರು. ಆ ವಾರವೇ ಅಕ್ಕನ ಫೋನು ಬಂತು. ಯೂನಿಟ್ಟು ತೆರೆದಿದೆ, ಆದರೆ ಒಂಬತ್ತಕ್ಕೆ ಗೇಟು ಮುಚ್ಚುತ್ತಾರೆ. ಮೂರು ದಿನ ಬಸ್ಸು ಬದಲಿಸಿ ಬದಲಿಸಿ ಹೋದಳಂತೆ, ಮೂರು ದಿನವೂ ಗೇಟಿನಿಂದಲೇ ವಾಪಸ್ಸು. ಇನ್ನೊಮ್ಮೆ ಹೀಗಾದರೆ ಬೇರೆ ಹೆಂಗಸನ್ನು ನೋಡಿಕೊಳ್ಳುತ್ತೇನೆ ಎಂದಿದ್ದನಂತೆ ಮಾಲೀಕ. ಅವಳ ಗಂಡನ ಕೈಗೆ ಮೂರು ತಿಂಗಳಿಂದ ಒಂದು ಟೈಲ್ಸೂ ಸಿಕ್ಕಿರಲಿಲ್ಲ. ಇಬ್ಬರು ಮಕ್ಕಳು. ಈ ಕೆಲಸ ಹೋದರೆ ಒಲೆಯೇ ಹತ್ತುವುದಿಲ್ಲ ಎಂಬುದು ಅವಳು ಹೇಳದೆಯೂ ನನಗೆ ಗೊತ್ತಿತ್ತು.

"ತಂಗಿ, ನಿನ್ನ ಕಾರ್ಡಿಂದು ಒಂದು ಫೋಟೊ ಕಳಸ್ತಿ? ಉಲ್ಹಾಸನಗರದಾಗ ಒಬ್ಬ ಝೆರಾಕ್ಸಿನಾಂವ ಅಂಥಾದ್ದ ಇನ್ನೊಂದ ಮಾಡಿ ಕೊಡ್ತಾನಂತ. ಅರ್ಧಾ ಟಿಟ್ವಾಳಾ ಅವನ ಕಾರ್ಡಿನ ಮ್ಯಾಲೇ ಹೊಂಟೈತಿ."

ನಾನು ಹಿಂದೆಮುಂದೆ ನೋಡಲಿಲ್ಲ. ಕಾರ್ಡನ್ನು ಊಟದ ಮೇಜಿನ ಮೇಲಿಟ್ಟು, ಮುಂದೆ ಹಿಂದೆ ಎರಡೂ ಫೋಟೊ ತೆಗೆದು ಕಳಿಸಿದೆ. ಕಳಿಸಿ ಒಳ್ಳೆಯ ಕೆಲಸ ಮಾಡಿದೆನೆಂದು ಬೀಗಿದೆ ಕೂಡ. ಬೆನ್ನು ತಟ್ಟಿಕೊಳ್ಳುವುದು ಯಾವಾಗಲೂ ಸುಲಭ.

ಮತ್ತೆ ಗಾಡಿಯಲ್ಲಿ ಸಿಕ್ಕೆವು. ಡಬ್ಬಿಯಲ್ಲಿ ಹತ್ತು ಹನ್ನೆರಡು ಜನ. ಸೀಟು ಬಿಟ್ಟು ಸೀಟಿಗೆ ಕೆಂಪು ಅಡ್ಡಗೀಟು, ಅಲ್ಲಿ ಕೂರಬಾರದೆಂದು. ಅಕ್ಕ ಆ ಕಡೆ ಕುಳಿತಳು, ನಾನು ಈ ಕಡೆ, ನಡುವೆ ಖಾಲಿ ಸೀಟು. ಅವಳು ಅದರ ಮೇಲೆ ಪೇಪರು ಹಾಸಿ ಮೆಂತ್ಯದ ಎರಡು ಕಟ್ಟು ಇಟ್ಟಳು.

"ನೋಡು ತಂಗಿ, ಸರ್ಕಾರದವ್ರು ನಮಗ ಪಲ್ಲೆ ಸೋಸಾಕ ಟೇಬಲ್ ಕೊಟ್ಟಾರ," ಎಂದಳು. ಮಾಸ್ಕಿನೊಳಗೆ ಇಬ್ಬರೂ ನಕ್ಕೆವು. ಆ ತಿಂಗಳುಗಳಲ್ಲಿ ನಾನು ನಕ್ಕಿದ್ದೆಂದರೆ ಆ ಇಪ್ಪತ್ತು ನಿಮಿಷ ಮಾತ್ರ, ಠಾಣೆಯಿಂದ ಡೊಂಬಿವಲಿಯವರೆಗೆ.

ಎರಡು ವಾರ ಹಾಗೇ ಸಾಗಿತು. ಕಳ್ಳ ಕಾರ್ಡು ಇಟ್ಟುಕೊಂಡವರು ತಲೆ ತಗ್ಗಿಸಿ ಮೂಲೆಯಲ್ಲಿ ಕೂರಬೇಕು. ಆಸ್ಪತ್ರೆಯವರ ಹಾಗೆ ದಣಿದು ತೂಕಡಿಸಬೇಕು. ನಾವು ಹಳೆಯ ಚಾಳಿಯಂತೆ ಸಂತೆ ಹರಡಿಕೊಂಡು ಕುಳಿತಿದ್ದೆವು. ಅದೇ ಕಣ್ಣಿಗೆ ಬಿತ್ತು.

ಆ ಸಂಜೆ ಗಾಡಿ ಮುಂಬ್ರಾ ದಾಟಿತ್ತು. ಮುಖಕ್ಕೆ ಪ್ಲಾಸ್ಟಿಕ್ ಪರದೆ ಕಟ್ಟಿಕೊಂಡ ಲೇಡಿ ಟೀಸಿ ನಮ್ಮ ಮುಂದೆ ಬಂದು ನಿಂತಳು. "ಯೇ ಟ್ರೇನ್ ಹೈ ಯಾ ಭಾಜಿ ಮಾರ್ಕೆಟ್?" ಎಂದು ಕೈ ಚಾಚಿದಳು. ಇಬ್ಬರೂ ಕಾರ್ಡು ಕೊಟ್ಟೆವು. ಅವಳು ಅದನ್ನು ನೋಡಿದಳು, ಇದನ್ನು ನೋಡಿದಳು, ಎರಡನ್ನೂ ಅಕ್ಕಪಕ್ಕ ಹಿಡಿದಳು. ಉಲ್ಹಾಸನಗರದ ಆ ಪುಣ್ಯಾತ್ಮ ಫೋಟೊ ಬದಲಿಸಿದ್ದ, ಹೆಸರು ಬದಲಿಸಿದ್ದ. ನೌಕರಿಯ ನಂಬರು ಮಾತ್ರ ನನ್ನದೇ ಬಿಟ್ಟಿದ್ದ.

"ಇನ್ಕೋ ಪೆಹಚಾನ್ತೀ ಹೋ?" ಎಂದು ನನ್ನನ್ನು ಕೇಳಿದಳು. ಇವರು ಗೊತ್ತಾ ನಿಮಗೆ, ಅಷ್ಟೇ ಪ್ರಶ್ನೆ. ನನ್ನ ಕೈಯಲ್ಲಿ ಮೆಂತ್ಯದ ಒಂದು ಕುಡಿ ಇತ್ತು. ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ.

"ನಹೀ," ಎಂದೆ.

ಮತ್ತೆ ನಿಮ್ಮ ನಂಬರು ಇವರ ಹತ್ತಿರ ಹೇಗೆ ಬಂತು ಎಂದಳು. ಸುಳ್ಳು ನಾಲಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಝೆರಾಕ್ಸ್ ಅಂಗಡಿಯಲ್ಲಿ ಕಾರ್ಡು ಕೊಟ್ಟಿದ್ದೆ, ಅಲ್ಲಿಂದ ಕದ್ದಿರಬೇಕು ಎಂದೆ. ಕದ್ದಿರಬೇಕು. ಆ ಮಾತನ್ನು ಟೀಸಿ ಕೇಳಿಯೇ ಇರಲಿಲ್ಲ, ನಾನಾಗಿ ಸೇರಿಸಿದ್ದು.

ಅಕ್ಕ ನನ್ನನ್ನು ನೋಡಿದಳು. ಮಾಸ್ಕಿನ ಮೇಲೆ ಕಾಣುತ್ತಿದ್ದುದು ಎರಡು ಕಣ್ಣು ಮಾತ್ರ. ಕೋಪ ಇದ್ದಿದ್ದರೆ ನನಗೆ ಎಷ್ಟೋ ಒಳ್ಳೆಯದಿತ್ತು. ಅವಳ ಮೊಬೈಲು ಸೆರಗಿನ ಗಂಟಿನಲ್ಲೇ ಇತ್ತು, ಅದರೊಳಗೆ ನಾನು ಕಳಿಸಿದ ಎರಡೂ ಫೋಟೊ ಇದ್ದವು. ತೆಗೆದು ತೋರಿಸಿದ್ದರೆ ನನ್ನ ಕೆಲಸ ಅಲ್ಲೇ ಮುಗಿಯುತ್ತಿತ್ತು. ಅವಳು ತೆಗೆಯಲಿಲ್ಲ. "ಹಾಂ ಮೇಡಂ, ಝೆರಾಕ್ಸ್‌ವಾಲಾ ದಿಯಾ," ಎಂದಳು. "ಯೇ ಕೌನ್ ಹೈ ಮೇರೇಕು ನಹೀ ಮಾಲೂಮ್." ನಾನು ಯಾರೆಂದೇ ಅವಳಿಗೆ ಗೊತ್ತಿಲ್ಲವಂತೆ.

ಟೀಸಿ ನನ್ನ ಕಾರ್ಡನ್ನು ವಾಪಸ್ಸು ಕೊಟ್ಟಳು. ಅಕ್ಕನಿಗೆ ಕಲ್ಯಾಣದಲ್ಲಿ ಇಳಿಯಲು ಹೇಳಿದಳು. ಆಮೇಲೆ ಪೇಪರಿನ ಕಡೆ ಬೆರಳು ತೋರಿಸಿ, ಈ ಕಸ ತೆಗೆಯಿರಿ ಎಂದಳು ನನಗೆ. ನಾನು ಬಿಡಿಸಿದ್ದು, ಬಿಡಿಸದ್ದು, ಕಡ್ಡಿ, ಎಲೆ ಎಲ್ಲವನ್ನೂ ಒಟ್ಟಿಗೆ ಸುತ್ತಿ ಚೀಲಕ್ಕೆ ತುರುಕಿದೆ. ಡೊಂಬಿವಲಿ ಬಂತು. ಇಳಿದೆ. ಹಿಂತಿರುಗಿ ನೋಡಲಿಲ್ಲ.

ಒಬ್ಬಳ ಸಂಬಳದ ಮೇಲೆ ಮನೆ ನಡೆಯುತ್ತಿತ್ತು, ಮಗು ಚಿಕ್ಕದು, ಗಂಡ ಮನೆಯಲ್ಲಿ... ಇವೆಲ್ಲ ನಿಜವೇ. ಆದರೆ ಇವನ್ನೆಲ್ಲ ನಾನು ಆಮೇಲೆ ಕುಳಿತು ಜೋಡಿಸಿಕೊಂಡದ್ದು. ಆ ಗಳಿಗೆಯಲ್ಲಿ ಗಂಡನೂ ನೆನಪಾಗಲಿಲ್ಲ, ಮಗುವೂ ನೆನಪಾಗಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ನಾನು ತಪ್ಪಿಸಿಕೊಂಡೆ, ದೊಣ್ಣೆ ಪಕ್ಕದವಳಿಗೆ ಬಿತ್ತು.

ಮನೆಗೆ ಹೋಗಿ ಆ ಮೆಂತ್ಯವನ್ನು ತೊಳೆದು ಪಲ್ಯ ಮಾಡಿದೆ. ಯಾಕೆಂದು ಕೇಳಬೇಡಿ. ಚೀಲದಲ್ಲಿತ್ತು, ಹೊತ್ತಾಗಿತ್ತು, ಮಾಡಿದೆ. ಕಾಯಿ ಹೆಚ್ಚೇ ಹಾಕಿದೆ. "ಇವತ್ತಿಂದು ಭಾರೀ ಲಾಯ್ಕಾಗಿದೆ ಮಾರಾಯ್ತಿ," ಎಂದರು ಗಂಡ. ನಾನೂ ಎರಡು ಸಲ ಬಡಿಸಿಕೊಂಡೆ.

ಎಂಟು ದಿನ ಬಿಟ್ಟು ಅವಳೇ ಫೋನು ಮಾಡಿದಳು. ಎತ್ತಬಾರದೆಂದುಕೊಂಡೇ ಎತ್ತಿದೆ. ಬೈಯುತ್ತಾಳೆಂದು ಕಾದೆ. ಅವಳು ಪಕ್ಕದ ಮನೆಯ ಸುದ್ದಿ ಹೇಳುವಂತೆ ಹೇಳಿದಳು: ಕಲ್ಯಾಣದಲ್ಲಿ ಕಾರ್ಡನ್ನು ಕತ್ತರಿಸಿ ಬಿಸಾಕಿದರು, ಪೊಲೀಸರು ಬೆಂಚಿನ ಮೇಲೆ ಕೂರಿಸಿ ಬೈದು ಬಿಟ್ಟರು, ಮರುದಿನ ಬಸ್ಸಿನಲ್ಲಿ ಹೋಗುವ ಹೊತ್ತಿಗೆ ಗೇಟು ಮುಚ್ಚಿತ್ತು, ಅವಳ ಜಾಗದಲ್ಲಿ ಈಗ ಠಾಣೆಯ ಹತ್ತಿರದಲ್ಲೇ ಇರುವ ಹೆಂಗಸೊಬ್ಬಳು ಕುಳಿತಿದ್ದಾಳೆ. ಆಮೇಲೆ ಕೇಳಿದಳು:

"ತಂಗಿ, ಆ ಮೆಂತೆಪಲ್ಲೆ ಏನ ಮಾಡಿದಿ?"

ಪಲ್ಯ ಮಾಡಿ ತಿಂದೆವು ಎಂದು ಹೇಳಲು ಬಾಯಿ ಬರಲಿಲ್ಲ. "ಎಸೆದುಬಿಟ್ಟೆ ಅಕ್ಕ," ಎಂದೆ.

"ಹೌದಾ..." ಎಂದಳು. "ತಿನ್ನೂದನ್ನ ಒಗೀಬಾರದವ್ವಾ. ಅವತ್ತ ನಮ್ಮನ್ಯಾಗ ಅಡಗಿಗೆ ಅದೊಂದ ಇತ್ತು."

ಫೋನು ಕಟ್ಟಾಯಿತು. ನಾನು ತಿರುಗಿ ಮಾಡಲಿಲ್ಲ. ಮಾಡಿ ಏನು ಹೇಳುವುದು? ಒಂದು ತಿಂಗಳ ನಂತರ ಧೈರ್ಯ ಬಂತು. ಆಗ ಆ ನಂಬರು ಅಸ್ತಿತ್ವದಲ್ಲಿಲ್ಲ ಎಂದು ಒಬ್ಬ ಹೆಂಗಸು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ತಿಳಿಸಿದಳು.

ಗಾಡಿಗಳು ಎಲ್ಲರಿಗೂ ತೆರೆದ ಮೇಲೆ ಒಂದು ಭಾನುವಾರ, ಟಿಟ್ವಾಳಾದ ಗಣಪತಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಹೋದೆ. ಅವಳಿದ್ದ ಸಾಲುಮನೆಗಳ ಚಾಳನ್ನು ಕೇಳಿಕೊಂಡು ಹುಡುಕಿದೆ. ಬಾಗಿಲಿಗೆ ಬೇರೆಯವರ ಪರದೆ. ಊರಿಗೆ ಹೋದರು ಎಂದ ಒಬ್ಬ. ಭಿವಂಡಿ ಕಡೆ ಹೋದರು ಎಂದ ಇನ್ನೊಬ್ಬ. ನೀರು ತುಂಬುತ್ತಿದ್ದ ಒಬ್ಬಳು ಮಾತ್ರ ಕೊಡ ಕೆಳಗಿಟ್ಟು, ಕೊರೊನಾದ ಎರಡನೇ ಅಲೆಯಲ್ಲಿ ಆ ಮನೆಯವರೊಬ್ಬರು ತೀರಿಹೋದರು, ಗಂಡನೋ ಹೆಂಡತಿಯೋ ಸರಿಯಾಗಿ ಗೊತ್ತಿಲ್ಲ ಎಂದಳು. ನಾನು ಮತ್ತೆ ಯಾರನ್ನೂ ಕೇಳಲಿಲ್ಲ. ನಿಜ ಹೇಳುತ್ತೇನೆ, ಅವಳು ಎದುರು ಸಿಗಲಿಲ್ಲವೆಂದು ನನಗೆ ಸಮಾಧಾನವೇ ಆಯಿತು. ಗಣಪತಿಗೆ ಕೈಮುಗಿದು, ಪ್ರಸಾದ ತೆಗೆದುಕೊಂಡು ಬಂದೆ.

ಈಗ ಡಬ್ಬಿ ಮೊದಲಿನಂತೆಯೇ ತುಂಬಿರುತ್ತದೆ. ಕೆಂಪು ಗೀಟುಗಳು ಸವೆದು ಹೋಗಿವೆ. ಯಾರೂ ನನಗೆ ಸೀಟು ಹಿಡಿಯುವುದಿಲ್ಲ, ನಾನೂ ಯಾರಿಗೂ ಹಿಡಿಯುವುದಿಲ್ಲ. ಸಿಕ್ಕರೆ ಕೂರುತ್ತೇನೆ, ಇಲ್ಲದಿದ್ದರೆ ಕಂಬ ಹಿಡಿದು ನಿಲ್ಲುತ್ತೇನೆ. ನಿಂತಾಗ ಮನಸ್ಸಿಗೆ ಸ್ವಲ್ಪ ಹಗುರ.

ಕಳೆದ ವಾರದ ಆ ಸಂಜೆ ಪಕ್ಕದವಳು ತೊಡೆಯ ಮೇಲೆ ಪೇಪರು ಹಾಸಿ, ಡಬ್ಬಿಯ ಪದ್ಧತಿಯಂತೆ ನನ್ನ ಮಡಿಲಿಗೂ ಒಂದು ಕಟ್ಟು ಹಾಕಿದಳು. ಬೇಡ ಎನ್ನಲಾಗಲಿಲ್ಲ. ಕೈ ತಾನಾಗಿ ನಡೆಯಿತು. ಉಗುರು ಹಚ್ಚುವುದು, ಮುರಿಯುವಲ್ಲಿ ಮುರಿಯುವುದು, ಕಡ್ಡಿ ಬಿಡುವುದು. ದಿವಾ ಸ್ಟೇಷನ್ ದಾಟುವ ಹೊತ್ತಿಗೆ ಕಟ್ಟು ಮುಗಿದಿತ್ತು, ಅವಳದು ಇನ್ನೂ ಅರ್ಧವೇ ಆಗಿತ್ತು. ಅವಳು ನನ್ನ ಕೈ ನೋಡಿ ಹುಬ್ಬೇರಿಸಿ, ಎಷ್ಟು ಚೊಕ್ಕ ಬಿಡಿಸುತ್ತೀರಿ, ಯಾರು ಕಲಿಸಿದ್ದು ಎಂದು ಮರಾಠಿಯಲ್ಲಿ ಕೇಳಿದಳು.

ಅಕ್ಕ ಎಂಬ ಒಂದು ಮಾತು ಸಾಕಿತ್ತು. ಈಗ ಅದನ್ನು ಹೇಳಿದರೆ ನನ್ನ ಕೆಲಸಕ್ಕೇನೂ ಆಗುತ್ತಿರಲಿಲ್ಲ.

"ಯಾರೂ ಇಲ್ಲ," ಎಂದೆ.