ಅತ್ತೆಯ ಮೇಲೆ ಕಟ್ಟಿದ ಇಂಗ್ಲಿಷ್ ವಾಕ್ಯಗಳು

ಕುರುಗೋಡಿನಿಂದ ಬಳ್ಳಾರಿಯ ಸತ್ಯನಾರಾಯಣಪೇಟೆಗೆ ಸೊಸೆಯಾಗಿ ಬಂದಾಗ ಕೊಟ್ರಬಸಮ್ಮನ ಬಿ.ಎ.ಯಲ್ಲಿ ಇಂಗ್ಲಿಷ್ ಪೇಪರೊಂದು ಉಳಿದುಹೋಗಿತ್ತು. ಎಪ್ಪತ್ತಾರನೇ ಇಸವಿ, ಮಗಳು ಅಂಬೆಗಾಲಿಡುತ್ತಿದ್ದ ದಿನಗಳಲ್ಲಿ, ಕೊನೆಯ ಸಲ ಪರೀಕ್ಷೆಗೆ ಕೂತುನೋಡುತ್ತೇನೆ ಎಂದಳು. ಪಾಸಾದರೆ ಟೀಚರ್ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಇಲ್ಲದಿದ್ದರೆ ಪುಸ್ತಕಗಳು ಅಟ್ಟ ಸೇರುತ್ತಿದ್ದವು. ಗಂಡ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಗುಮಾಸ್ತ, ಶನಿವಾರ ಬಂದರೆ ಸೋಮವಾರ ಹೊರಟ. ಕೂಸನ್ನು ನೋಡಿಕೊಳ್ಳಲು ಅವ್ವ ಒಪ್ಪಿದರೆ ಆಯಿತು ಎಂದುಬಿಟ್ಟ. ಅತ್ತೆ ಚನ್ನವೀರಮ್ಮ ಒಪ್ಪಿದರು.

ಪಾಠ ಹಿಂದಿನ ಓಣಿಯ ರಂಗಣ್ಣ ಮೇಷ್ಟ್ರ ಮನೆಯಲ್ಲಿ, ಮಧ್ಯಾಹ್ನದ ಹೊತ್ತು. ಬಳ್ಳಾರಿ ಮದರಾಸಿನ ಆಡಳಿತದಲ್ಲಿದ್ದಾಗ ಓದಿ, ಮೇಷ್ಟ್ರಾಗಿ, ನಿವೃತ್ತರಾದವರು. ಅವರ ಪದ್ಧತಿಯೇ ಬೇರೆ. ನುಡಿಗಟ್ಟು ಅವರು ಕೊಡುವುದು, ವಾಕ್ಯ ಅವಳು ಮನೆಯಿಂದ ಕಟ್ಟಿ ತರುವುದು. ಪುಸ್ತಕದ ವಾಕ್ಯ ಒಪ್ಪಿಸಿದರೆ ಮುಖ ತಿರುಗಿಸುತ್ತಿದ್ದರು.

"ಪುಸ್ತಕದಾಗಿನ ‘ಹೀ’ ನಿನಗೇನಾಗಬೇಕಮ್ಮಾ? ಗುರ್ತಿದ್ದವರನ್ನ ವಾಕ್ಯದಾಗ ಕೂಡಸು. ಆಗ ಮರಿಯಂಗಿಲ್ಲ."

ಗುರ್ತಿದ್ದವರೆಂದರೆ ಯಾರು? ಗಂಡನ ಹೆಸರು ಬಾಯಲ್ಲಿ ತರುವಂತಿಲ್ಲ, ಅತ್ತೆಯ ಹೆಸರೂ ಅಷ್ಟೇ. ಹಗಲೆಲ್ಲ ಕಣ್ಣೆದುರಿಗೆ ಓಡಾಡುವವರು ಅತ್ತೆ. ಹೀಗಾಗಿ ಅವಳ ವಾಕ್ಯಗಳೆಲ್ಲ ‘ಮೈ ಮದರ್-ಇನ್-ಲಾ’ ಎಂದೇ ಶುರುವಾಗುತ್ತಿದ್ದವು. ರೊಟ್ಟಿ ಬಡಿಯುವ ತಾಳಕ್ಕೆ ಸರಿಯಾಗಿ ಅವನ್ನು ಬಾಯಿಪಾಠ ಮಾಡುತ್ತಿದ್ದಳು.

ಪಕ್ಕದ ಮನೆಯ ಸಾವಂತ್ರಮ್ಮನ ಮಗಳು ಕಾನ್ವೆಂಟಿಗೆ ಹೋಗುತ್ತಿದ್ದಳು, ಹಾಗಾಗಿ ತಾಯಿಗೂ ನಾಲ್ಕು ಇಂಗ್ಲಿಷ್ ಮಾತು ಗೊತ್ತಿದ್ದವು. ಜರಡಿ ಕೇಳಲು ಬಂದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಆಮೇಲೆ ಚನ್ನವೀರಮ್ಮನ ಹತ್ತಿರ ಸರಿದು, ‘ಮದರ್-ಇನ್-ಲಾ’ ಅಂದ್ರ ಅತ್ತಿ ಅಂತ ಅರ್ಥ, ನಿನ್ನ ಸೊಸಿ ದಿನಾ ರೊಟ್ಟಿ ಜೊತಿಗೆ ನಿನ್ನನ್ನೂ ಬಡಿತಾಳ ನೋಡಕ್ಕಾ ಎಂದು ಕಿವಿಯೂದಿ, ಜರಡಿ ಇಸಿದುಕೊಂಡು ಹೋದಳು.

ಮರುದಿನ ಕೂಸನ್ನು ಕೊಡಲು ಹೋದರೆ ಅತ್ತೆ ಕೈಚಾಚಲಿಲ್ಲ. ಸೊಂಟ ನೋವಂತೆ. ಆ ವಾರವೆಲ್ಲ ಸೊಂಟ ನೋವು. ತುಂಬಿದ ಕೊಡ ಎತ್ತುವಾಗ ಮಾತ್ರ ಅದು ಎಲ್ಲಿಗೋ ಹೋಗಿರುತ್ತಿತ್ತು. ಕೊಟ್ರಬಸಮ್ಮ ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ಪಾಠಕ್ಕೆ ಹೋದಳು. ಅದು ಮೇಷ್ಟ್ರ ಕನ್ನಡಕ ಎಳೆಯಿತು, ಸುಣ್ಣದ ಡಬ್ಬಿ ಉರುಳಿಸಿತು, ಅತ್ತಿತು. ಪರೀಕ್ಷೆ ಹತ್ತಿರ ಬಂದಿತ್ತು. ಹೀಗೇ ಆದರೆ ಈ ಸಲವೂ ಹೋದಂತೆಯೇ ಎಂದುಕೊಂಡು ಮನೆಗೆ ಬಂದವಳೇ ಅತ್ತೆಯ ಎದುರು ಕೂತು, ಏನು ತಪ್ಪಾತು ಹೇಳ್ರಿ ಎಂದಳು.

"ಬೈಯೋದಿದ್ರ ಕನ್ನಡದಾಗ ಬೈಯವಾ," ಎಂದರು ಅತ್ತೆ. "ನನಗೂ ತಿಳೀಲಿ."

ಆಗ ಗೊತ್ತಾಯಿತು. ಒಂದೊಂದೇ ವಾಕ್ಯ ಹೇಳಿ ಅರ್ಥ ಬಿಡಿಸತೊಡಗಿದಳು. ‘ಬೋರ್ ದಿ ಬ್ರಂಟ್’: ಮಾವ ತೀರಿಕೊಂಡ ವರ್ಷ ಮನೆಯ ಭಾರವನ್ನೆಲ್ಲ ಅತ್ತೆಯೇ ಹೊತ್ತರು. ಚನ್ನವೀರಮ್ಮ ಸೆರಗಿನ ತುದಿ ತಿರುವುತ್ತ ಕೇಳಿ, ಒಬ್ಬಾಕೀನ ಅಲ್ಲ, ನನ್ನ ತಮ್ಮ ಹಾಲಸಿದ್ದಪ್ಪನೂ ಹೆಗಲು ಕೊಟ್ಟಾನ, ಅವನನ್ನೂ ಸೇರಸು ಎಂದರು. ಮುಂದಿನ ವಾಕ್ಯಕ್ಕೆ ಕೊಟ್ರಬಸಮ್ಮನ ನಾಲಿಗೆ ತಡೆಯಿತು. ಅದೊಂದು ಹೊಗಳಿಕೆಯಾಗಿರಲಿಲ್ಲ. ಹಾರಿಸಿಬಿಡಬಹುದಿತ್ತು. ಆದರೆ ಒಂದು ಮುಚ್ಚಿಟ್ಟರೆ ಉಳಿದವನ್ನು ಯಾರು ನಂಬುತ್ತಾರೆ?

"ಹಿತ್ತಲದಿಂದ ನಾ ಎಷ್ಟು ಕೂಗಿದರೂ ಅತ್ತಿ ಕೇಳಿಸದಂಗ ಇರ್ತಾರ, ಅಂತ ಬರದೀನ್ರಿ."

ಅತ್ತೆ ಅವಳನ್ನೇ ನೋಡಿದರು. "ಖರೇ ಐತಿ," ಎಂದರು. "ಯಾಕ ಇರ್ತೀನಿ ಅನ್ನೋದನ್ನೂ ಬರಿ ಮತ್ತ. ಕೂಸು ಆಗಷ್ಟ ತೊಡಿ ಮ್ಯಾಲ ಕಣ್ಣು ಮುಚ್ಚಿರ್ತೈತಿ. ಓ ಅಂದ್ರ ಎದ್ದು ಕೂಡ್ತೈತಿ."

ಕೊಟ್ರಬಸಮ್ಮನಿಗೆ ನಗುವೂ ಬಂತು, ಕಣ್ಣೂ ತುಂಬಿತು. ವಾಕ್ಯ ತಿದ್ದಿದಳು. ಕೂಸು ತಾನಾಗಿಯೇ ಅಜ್ಜಿಯ ತೊಡೆಗೆ ತೆವಳಿಹೋಯಿತು.

ಅಂದಿನಿಂದ ಅತ್ತೆ ಅಡುಗೆಮನೆಯ ಹೊಸ್ತಿಲಲ್ಲೇ ಕೂಡುತ್ತಿದ್ದರು. ಇವತ್ತಿಂದು ಯಾವುದು ಎಂದು ಕೇಳುವರು; ಅರ್ಥ ಹೇಳಿದರೆ ಅದಕ್ಕೆ ತಕ್ಕ ಸಂಗತಿಯೊಂದನ್ನು ತೆಗೆಯುವರು. ಬಾಣಂತಿತನಕ್ಕೆ ತವರು ಕೊಳಗಲ್ಲಿಗೆ ಹೋಗುವಾಗ ದಾರಿಯ ಹಳ್ಳ ತುಂಬಿ ಗಾಡಿ ನಿಂತದ್ದು, ಒಡಹುಟ್ಟಿದವಳ ಜೊತೆ ಮಾತು ಬಿಟ್ಟದ್ದು, ಮತ್ತೆ ಕೂಡಿದ್ದು. ಮೇಷ್ಟ್ರು ವಾಕ್ಯಗಳಿಗೆ ಗುರುತು ಹಾಕುತ್ತ, ನಿಮ್ಮತ್ತೆಯವರನ್ನ ನಾನು ನೋಡೇ ಇಲ್ಲ, ಆದರೂ ಗುರ್ತು ಹಿಡೀತೀನಮ್ಮಾ ಎನ್ನುತ್ತಿದ್ದರು.

ಫಲಿತಾಂಶ ದೀಪಾವಳಿ ಕಳೆದು ಬಂತು, ಪಾಸಾಗಿದ್ದಳು. ಆದರೆ ಎಷ್ಟೋ ವರ್ಷದ ಮೇಲೂ ಅವಳ ನೆನಪಿಗೆ ಬರುತ್ತಿದ್ದದ್ದು ಪರೀಕ್ಷೆ ಮುಗಿದ ಮರುದಿನದ ಮಧ್ಯಾಹ್ನ. ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಅತ್ತೆ ಬಂದು ಹೊಸ್ತಿಲಲ್ಲಿ ಕೂತು, ಇವತ್ತು ಯಾವುದೂ ಇಲ್ಲೇನು ಎಂದರು. ಪರೀಕ್ಷಿ ಮುಗೀತಲ್ರಿ ಎಂದಳು. ಹೌದಲ್ಲ ಎಂದರು ಚನ್ನವೀರಮ್ಮ, ಆದರೂ ಹೊಸ್ತಿಲಿನಿಂದ ಏಳಲಿಲ್ಲ.

ಇಷ್ಟು ವರ್ಷ ಈ ಮನೆಯಲ್ಲಿ ಅವರ ಬದುಕಿನ ಮಾತನ್ನು ಯಾರೂ ಕೇಳಿರಲಿಲ್ಲ ಎಂಬುದು ಕೊಟ್ರಬಸಮ್ಮನಿಗೆ ಆಗ ಹೊಳೆಯಿತು. ಮೊರ ಪಕ್ಕಕ್ಕಿಟ್ಟಳು.

"ಕೊಳಗಲ್ಲಿನಿಂದ ಮೊದಲನೇ ಸಲ ಈ ಮನಿಗೆ ಬಂದ್ರಲ್ಲ, ಆವತ್ತು ಏನಾತು ಹೇಳ್ರಿ ಅತ್ತಿ."

"ಅದಕ್ಕ ಇಂಗ್ಲಿಷ್‌ನ್ಯಾಗ ಏನರ ಐತೇನು?"

"ಗೊತ್ತಿಲ್ರಿ. ಇರಲಿ, ಹೇಳ್ರಿ."

ಅತ್ತೆ ಕಾಲು ನೀಡಿ, ಗೋಡೆಗೆ ಒರಗಿ, ಹೇಳತೊಡಗಿದರು.